ಸಾಲದ ಶಕ್ತಿ

ದುಡಿದ ಮನುಷ್ಯನಿಗೆ ಆಯಾಸವಾಗುತ್ತದೆ. ಇದು ದೇಹದ ಕೊರತೆಯೋ, ಅಥವಾ ದೇಹವು ತನ್ನ ರಕ್ಷಣೆಗಾಗಿ ತಾನೇ ಇಟ್ಟುಕೊಂಡಿರುವ ಕಾವಲೋ? ಪ್ರಶ್ನೆ ಅಲ್ಪವೆಂದು ತೋರಬಹುದು. ಆದರೆ ಇದಕ್ಕೆ ನಾವು ಕೊಡುವ ಉತ್ತರದ ಮೇಲೆ ನಮ್ಮ ಮಕ್ಕಳು ಹೇಗೆ ಓದುತ್ತಾರೆ, ನಮ್ಮ ಚಾಲಕರು ಹೇಗೆ ವಾಹನ ನಡೆಸುತ್ತಾರೆ, ನಾವು ಯಾರನ್ನು ಶ್ರಮಜೀವಿಯೆಂದು ಹೊಗಳುತ್ತೇವೆ ಎಂಬುದೆಲ್ಲವೂ ನಿಂತಿದೆ. ಒಂದು ಬಾಟಲಿಯ ನಿಮಿತ್ತದಿಂದ ಈ ಪ್ರಶ್ನೆಯನ್ನು ತಮ್ಮ ಮುಂದೆ ಇಡಬೇಕಾಗಿ ಬಂದಿದೆ.

ನಾನು ಕೆಲವು ವರ್ಷಗಳಿಂದ ವಿದ್ಯಾರ್ಥಿಗಳ ಉಚಿತ ಪ್ರಸಾದ ನಿಲಯವೊಂದರ ಮೇಲ್ವಿಚಾರಣೆ ನೋಡಿಕೊಂಡು ಬಂದಿದ್ದೇನೆ. ಈ ಪತ್ರಿಕೆಯನ್ನು ಓದುವವರಲ್ಲಿ ಅಂಥ ನಿಲಯಗಳಲ್ಲಿ ಉಂಡು, ಓದಿ, ಬಾಳು ಕಟ್ಟಿಕೊಂಡವರು ಬಹಳ ಮಂದಿ ಇರುವುದರಿಂದ ಅಲ್ಲಿಯ ಪರೀಕ್ಷಾಕಾಲದ ರಾತ್ರಿಗಳನ್ನು ವರ್ಣಿಸುವ ಅಗತ್ಯವಿಲ್ಲ. ಅಂಥದೊಂದು ಮಾರ್ಚ್ ತಿಂಗಳಿನಲ್ಲಿ ಪಿಯುಸಿ ಎರಡನೆಯ ವರ್ಷದ ಹುಡುಗನೊಬ್ಬನಿಗೆ ಅಪರಾತ್ರಿಯಲ್ಲಿ ಎದೆಬಡಿತ ವಿಪರೀತವಾಯಿತು. ಕೈಗಳು ನಡುಗುತ್ತಿದ್ದವು, ಮೈ ಬೆವರುತ್ತಿತ್ತು. ಗಾಬರಿಯಿಂದ ಆಸ್ಪತ್ರೆಗೆ ಕರೆದೊಯ್ದೆವು. ವೈದ್ಯರು ಹೃದಯದ ಪರೀಕ್ಷೆ ಮಾಡಿ, ದೈವಕೃಪೆಯಿಂದ ಅದರಲ್ಲಿ ದೋಷವೇನೂ ಕಾಣುವುದಿಲ್ಲವೆಂದು ಹೇಳಿದ ಬಳಿಕ ಹುಡುಗನನ್ನು ಎರಡು ಪ್ರಶ್ನೆ ಕೇಳಿದರು: ಏನು ಕುಡಿದೆ? ಎಷ್ಟು ಹೊತ್ತು ನಿದ್ರೆ ಮಾಡಿದೆ? ಸಂಜೆಯಿಂದ ಮೂರು ಬಾಟಲಿ ‘ಎನರ್ಜಿ ಡ್ರಿಂಕ್’, ಅದಕ್ಕೂ ಮೊದಲು ಎರಡು ಲೋಟ ಕಾಫಿ. ನಿದ್ರೆಯ ಲೆಕ್ಕ ಅವನಿಗೇ ನೆನಪಿರಲಿಲ್ಲ.

“ಶಕ್ತಿ ಬರ್ತದಂತ ಇದನ್ನೆಲ್ಲ ಕುಡಿಯೋದೇನಪ್ಪಾ?” ಎಂದು ನಾನು ಕೇಳಿದೆ. ಹುಡುಗ ತಲೆ ತಗ್ಗಿಸಿ, “ಶಕ್ತಿ ಬರ್ತದಂತ ಕುಡದಿಲ್ರಿ ಸರ. ನಿದ್ದಿ ಬರಬಾರದಂತ ಕುಡದೀನ್ರಿ” ಎಂದನು. ಜಾಹೀರಾತುಗಳು ಮರೆಮಾಡುವ ನಿಜವನ್ನು ಆ ಹುಡುಗ ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದನು.

ಮರುದಿನ ಬೆಳಿಗ್ಗೆ ನಿಲಯದ ಹಿಂದಿನ ಬೇಲಿಯ ಬದಿಗೆ ಹೋಗಿ ನೋಡಿದರೆ ಅಲ್ಲಿ ಅಂಥ ಖಾಲಿ ಬಾಟಲಿಗಳು ಒಂದು ಗೋಣಿಚೀಲದ ತುಂಬ ಇದ್ದವು. ಆ ಹುಡುಗನೊಬ್ಬನೇ ಕುಡಿದಿರಲಿಲ್ಲ. ನನ್ನನ್ನು ಇಂದಿಗೂ ಚುಚ್ಚುವ ಸಂಗತಿ ಇನ್ನೊಂದಿದೆ. ಅದಕ್ಕೆ ಒಂದು ವಾರದ ಹಿಂದೆ, ಸಂಜೆಯ ಪ್ರಾರ್ಥನೆಯಾದ ಮೇಲೆ, ಎಲ್ಲ ವಿದ್ಯಾರ್ಥಿಗಳ ಎದುರಿಗೆ ನಾನು ಇದೇ ಹುಡುಗನ ಹೆಸರು ಹಿಡಿದು, “ಇವನ ಕೋಣೆಯ ದೀಪ ಬೆಳತನಕ ಆರುವುದಿಲ್ಲ, ನೀವೂ ಹೀಗಿರಬೇಕು” ಎಂದು ಹೊಗಳಿದ್ದೆ. ಆದ್ದರಿಂದ ಈ ಲೇಖನವನ್ನು ಅಂಗಡಿಯವನ ಮೇಲಿನ ದೂರೆಂದು ತಾವು ಓದಬಾರದು. ದೂರಿನಲ್ಲಿ ನನ್ನ ಪಾಲೂ ಇದೆ.

ಹಾಗಾದರೆ ಆ ಬಾಟಲಿಯಲ್ಲಿ ಇರುವುದೇನು? ನೀರು, ಸಕ್ಕರೆ, ಕೆಫೀನ್, ಟಾರಿನ್ ಎಂಬ ಒಂದು ವಸ್ತು, ಕೆಲವು ಬಿ ಜೀವಸತ್ವಗಳು, ಹುಳಿ, ಬಣ್ಣ, ವಾಸನೆ, ಗಾಳಿಗುಳ್ಳೆ. ಇದರಲ್ಲಿ ಆಹಾರವೆನ್ನಬಹುದಾದದ್ದು ಸಕ್ಕರೆಯೊಂದೇ. ಹೆಸರಾಂತ ಒಂದು ಪಾನೀಯದಲ್ಲಿ ಅದು 100 ಮಿಲಿಲೀಟರಿಗೆ ಸುಮಾರು 11 ಗ್ರಾಂ. ಎಂದರೆ 250 ಮಿಲಿಲೀಟರಿನ ಒಂದು ಡಬ್ಬಿಗೆ ಆರೇಳು ಚಮಚೆ. ಮನೆಯಲ್ಲಿ ಒಂದು ಲೋಟ ಚಹಕ್ಕೆ ಯಾರಾದರೂ ಆರು ಚಮಚೆ ಸಕ್ಕರೆ ಹಾಕಿದರೆ ನಾವು ಬಾಯಿಗೆ ಇಡುವೆವೆ? ದಿನವೊಂದಕ್ಕೆ ಇಂಥ ಬೆರಕೆ ಸಕ್ಕರೆ 25 ಗ್ರಾಮಿನೊಳಗೆ ಇದ್ದರೆ ಒಳಿತೆಂಬುದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ನೀಡಿದ ಸಲಹೆಯ ಸಾರ. ಒಂದು ಡಬ್ಬಿಯೇ ಆ ಲೆಕ್ಕವನ್ನು ಮುಗಿಸಿಬಿಡುತ್ತದೆ. ಸಕ್ಕರೆಯಿಲ್ಲದ ಬಗೆಯೂ ಮಾರಾಟಕ್ಕಿದೆ, ನಿಜ. ಅದರಲ್ಲಿ ‘ಎನರ್ಜಿ’ ಎನ್ನಲು ಆಹಾರಶಕ್ತಿಯೂ ಉಳಿಯುವುದಿಲ್ಲವೆಂಬುದು ಒಂದು ವಿನೋದ.

ಇನ್ನು ಕೆಫೀನ್. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಈ ಬಗೆಯ ಪಾನೀಯದಲ್ಲಿ ಲೀಟರಿಗೆ 145ರಿಂದ 300 ಮಿಲಿಗ್ರಾಂ ಕೆಫೀನ್ ಇರಬಹುದು. 250 ಮಿಲಿಲೀಟರಿನ ಬಾಟಲಿಯೆಂದರೆ 75 ಮಿಲಿಗ್ರಾಂ ವರೆಗೆ. ದಿನಕ್ಕೆ 500 ಮಿಲಿಲೀಟರಿಗಿಂತ ಹೆಚ್ಚು ಸೇವಿಸಬಾರದು, ಮಕ್ಕಳಿಗೂ ಗರ್ಭಿಣಿಯರಿಗೂ ಹಾಲೂಡುವ ತಾಯಂದಿರಿಗೂ ಕೆಫೀನ್ ಒಗ್ಗದವರಿಗೂ ಇದು ತಕ್ಕುದಲ್ಲ ಎಂಬ ಎಚ್ಚರಿಕೆಯನ್ನು ಬಾಟಲಿಯ ಮೇಲೆಯೇ ಅಚ್ಚುಹಾಕಿರುತ್ತಾರೆ. ಅಕ್ಷರಗಳು ಮಾತ್ರ ಎಷ್ಟು ಸಣ್ಣವೆಂದರೆ, ಕನ್ನಡಕ ಹಾಕಿಕೊಂಡರೂ ನಾನು ಅವನ್ನು ಬೆಳಕಿಗೆ ಹಿಡಿದು ಓದಬೇಕಾಯಿತು. ಹದಿನೇಳರ ಹುಡುಗ ಅದನ್ನು ಓದುವನೆಂದು ಯಾರು ನಂಬುತ್ತಾರೆ?

ಕೆಫೀನ್ ಮಾಡುವ ಕೆಲಸವನ್ನು ಅರಿತರೆ ಹುಡುಗನ ಮಾತು ಎಷ್ಟು ಸರಿಯೆಂಬುದು ಮನವರಿಕೆಯಾಗುತ್ತದೆ. ನಾವು ಎಚ್ಚರವಾಗಿರುವಷ್ಟು ಹೊತ್ತೂ ಮೆದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಮೆಲ್ಲಮೆಲ್ಲನೆ ಕೂಡುತ್ತ ಹೋಗುತ್ತದೆ. ಅದು ನರಕೋಶಗಳ ಮೇಲಿರುವ ತನ್ನ ಸ್ಥಾನಗಳಲ್ಲಿ ಕುಳಿತಾಗ ನಮಗೆ ತೂಕಡಿಕೆ ಬರುತ್ತದೆ. ದೇಹವು ‘ಇನ್ನು ಸಾಕು’ ಎಂದು ಹೇಳುವ ಬಗೆ ಇದು. ಕೆಫೀನಿನ ಆಕಾರ ಅಡೆನೊಸಿನ್ನನ್ನು ಹೋಲುವುದರಿಂದ ಅದು ಮೊದಲೇ ಹೋಗಿ ಆ ಸ್ಥಾನಗಳನ್ನು ಆಕ್ರಮಿಸಿ ಕುಳಿತುಬಿಡುತ್ತದೆ. ದೂತನು ಬಾಗಿಲಲ್ಲಿ ನಿಂತಿದ್ದಾನೆ, ಒಳಗೆ ಬರಲು ಎಡೆಯಿಲ್ಲ. ಆದರೆ ಅಡೆನೊಸಿನ್ ಕೂಡುವುದು ನಿಲ್ಲುವುದಿಲ್ಲ. ಕೆಫೀನಿನ ಪ್ರಭಾವ ಇಳಿದಾಗ ಕೂಡಿಬಿದ್ದದ್ದೆಲ್ಲ ಒಮ್ಮೆಲೆ ಒಳನುಗ್ಗುತ್ತದೆ. ಸಾಲಕ್ಕೆ ಬಡ್ಡಿ ಬೆಳೆದಂತೆ ಎಂದರೆ ಅತಿಶಯೋಕ್ತಿಯಲ್ಲ. ಹೊಸ ಶಕ್ತಿಯ ಒಂದು ಹನಿಯೂ ಹುಟ್ಟಲಿಲ್ಲ. ನಾಳೆಯದನ್ನು ಇಂದೇ ತೆಗೆದು ಖರ್ಚು ಮಾಡಿದ್ದಷ್ಟೆ. ಇದಲ್ಲದೆ ನಾವು ಸೇವಿಸಿದ ಕೆಫೀನಿನ ಅರ್ಧ ಭಾಗ ರಕ್ತದಿಂದ ಹೊರಹೋಗಲು ಸುಮಾರು ಐದು ಗಂಟೆ ಬೇಕು. ರಾತ್ರಿ ಹತ್ತಕ್ಕೆ ಕುಡಿದವನ ದೇಹದಲ್ಲಿ ಬೆಳಗಿನ ಮೂರಕ್ಕೂ ಅದು ಅರ್ಧ ಉಳಿದಿರುತ್ತದೆ. ಅವನು ಮಲಗಿದರೂ ಆ ನಿದ್ರೆ ನಿದ್ರೆಯಲ್ಲ. ಓದಿದ್ದು ಮನಸ್ಸಿನಲ್ಲಿ ನೆಲೆಗೊಳ್ಳುವುದು ನಿದ್ರೆಯಲ್ಲಿಯೇ ಎಂಬುದನ್ನು ನೆನೆದರೆ ಈ ವ್ಯಾಪಾರದಲ್ಲಿ ವಿದ್ಯಾರ್ಥಿಗೆ ಲಾಭವೇನೆಂಬುದನ್ನು ತಾವೇ ಲೆಕ್ಕ ಹಾಕಬಹುದು. ನಾರ್ವೆ ದೇಶದಲ್ಲಿ ಐವತ್ತು ಸಾವಿರಕ್ಕೂ ಮಿಕ್ಕಿದ ವಿದ್ಯಾರ್ಥಿಗಳನ್ನು ವಿಚಾರಿಸಿ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ದಿನವೂ ಈ ಪಾನೀಯ ಕುಡಿಯುವವರು ಎಂದಾದರೊಮ್ಮೆ ಕುಡಿಯುವವರಿಗಿಂತ ಅಥವಾ ಕುಡಿಯದವರಿಗಿಂತ ಸುಮಾರು ಅರ್ಧ ಗಂಟೆ ಕಡಿಮೆ ನಿದ್ರಿಸುತ್ತಿದ್ದರು. ನಿದ್ರೆಗೆಟ್ಟದ್ದರಿಂದ ಕುಡಿದರೋ, ಕುಡಿದದ್ದರಿಂದ ನಿದ್ರೆಗೆಟ್ಟರೋ ಎಂಬುದನ್ನು ಇಂಥ ವಿಚಾರಣೆ ಬಿಡಿಸಿ ಹೇಳಲಾರದು. ಬಹುಶಃ ಎರಡೂ ಒಂದನ್ನೊಂದು ಎಳೆಯುತ್ತವೆ.

ಹೃದಯದ ವಿಷಯ ಇನ್ನೂ ಗಂಭೀರವಾದುದು. 2019ರಲ್ಲಿ ಅಮೆರಿಕೆಯಲ್ಲಿ 34 ಮಂದಿ ಆರೋಗ್ಯವಂತ ತರುಣರಿಗೆ ಈ ಪಾನೀಯವನ್ನು ಒಂದು ಲೀಟರಿಗೆ ತುಸು ಕಡಿಮೆ ಪ್ರಮಾಣದಲ್ಲಿ ಕುಡಿಸಿ ನೋಡಿದಾಗ, ಹೃದಯದ ವಿದ್ಯುತ್ ಲಯದಲ್ಲಿ ವ್ಯತ್ಯಾಸ ಕಂಡಿತು, ರಕ್ತದೊತ್ತಡವೂ ಏರಿತು. ನಾಲ್ಕು ಗಂಟೆಯ ಮೇಲೂ ಲಯದ ಬದಲಾವಣೆ ಉಳಿದಿತ್ತು. ಗಟ್ಟಿಮುಟ್ಟಾದವನಿಗೆ ಇದು ಗೊತ್ತಾಗದೆ ಹೋದೀತು. ಹುಟ್ಟಿನಿಂದಲೇ ಹೃದಯದಲ್ಲಿ ಯಾವುದೋ ಸಣ್ಣ ದೋಷವಿದ್ದು ಅದು ಯಾರಿಗೂ ತಿಳಿಯದಿದ್ದ ಮಗುವಿನ ಗತಿಯೇನು? 2017ರ ಏಪ್ರಿಲ್ ತಿಂಗಳಿನಲ್ಲಿ ಅಮೆರಿಕೆಯ ದಕ್ಷಿಣ ಕೆರೊಲಿನಾದಲ್ಲಿ 16 ವರ್ಷದ ವಿದ್ಯಾರ್ಥಿಯೊಬ್ಬನು ಎರಡು ಗಂಟೆಯೊಳಗೆ ಕಾಫಿ, ಕೆಫೀನ್ ಇರುವ ತಂಪುಪಾನೀಯ ಮತ್ತು ಎನರ್ಜಿ ಡ್ರಿಂಕ್ ಮೂರನ್ನೂ ಕುಡಿದು ತರಗತಿಯಲ್ಲಿಯೇ ಕುಸಿದು ತೀರಿಹೋದನು. ಅವನಿಗೆ ಹೃದಯದ ರೋಗವಿರಲಿಲ್ಲ; ಕೆಫೀನಿನಿಂದ ಲಯ ತಪ್ಪಿದ್ದೇ ಕಾರಣವೆಂದು ಅಲ್ಲಿಯ ಮರಣ ವಿಚಾರಣಾಧಿಕಾರಿ ಹೇಳಿದರು. ಇಂಥದು ಅತಿ ವಿರಳ, ಅಂಜಿಸುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಮಕ್ಕಳ ವಿಷಯದಲ್ಲಿ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2015ರಲ್ಲಿ ಹೇಳಿದ ಅಳತೆ ಒಂದು ಕಿಲೋಗ್ರಾಂ ತೂಕಕ್ಕೆ ದಿನಕ್ಕೆ 3 ಮಿಲಿಗ್ರಾಂ. 40 ಕಿಲೋ ತೂಗುವ ಪ್ರೌಢಶಾಲೆಯ ಹುಡುಗನಿಗೆ 120 ಮಿಲಿಗ್ರಾಂ ಆಯಿತು. ನಮ್ಮ ನಿಯಮದ ಎರಡು ಬಾಟಲಿಗಳಲ್ಲಿ 150 ಇರಬಹುದು. ಲಿಥುವೇನಿಯಾ ದೇಶವು 2014ರಲ್ಲಿಯೂ, ಲಾಟ್ವಿಯಾ 2016ರಲ್ಲಿಯೂ, ಪೋಲೆಂಡ್ 2024ರಲ್ಲಿಯೂ 18 ತುಂಬದವರಿಗೆ ಇದನ್ನು ಮಾರುವುದನ್ನೇ ನಿಷೇಧಿಸಿದವು. ನಮ್ಮಲ್ಲಿ 20 ರೂಪಾಯಿಗೆ ಸಿಗುವ ಬಾಟಲಿಗಳೂ ಇವೆ. ಶಾಲೆಗೆ ಹೋಗುವ ದಾರಿಯ ಡಬ್ಬಾ ಅಂಗಡಿಯಲ್ಲಿ ಅವು ಬಿಸ್ಕತ್ತಿನ ಪಕ್ಕದಲ್ಲಿ ನಿಂತಿರುತ್ತವೆ.

ಆ ಹುಡುಗನ ತಂದೆ ಊರಿನಿಂದ ಮರುದಿನ ಬಂದರು. ನಾಲ್ಕು ಎಕರೆ ಜೋಳದ ಹೊಲದ ರೈತರು. ಸಂಗತಿಯನ್ನೆಲ್ಲ ಕೇಳಿ ಬಹಳ ಹೊತ್ತು ಸುಮ್ಮನಿದ್ದು, “ಎತ್ತಿಗಾದ್ರೂ ಸೋಮಾರ ಬಿಡುವು ಐತ್ರೀ ಸರ, ಇವಕ್ಕ ಇಲ್ಲೇನ್ರಿ?” ಎಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಆದರೂ ನಾನು ಉತ್ತರ ಕೊಡಲಾಗಲಿಲ್ಲ.

ಈ ಮಾತು ಎಷ್ಟು ದೂರ ಹೋಗುತ್ತದೆಂಬುದು ನನಗೆ ಆಮೇಲೆ ಹೊಳೆಯಿತು. ಈ ಪಾನೀಯಗಳ ಚರಿತ್ರೆಯೇ ಎತ್ತಿನೊಡನೆ ತಳಕು ಹಾಕಿಕೊಂಡಿದೆ. ಟಾರಿನ್ ಎಂಬ ವಸ್ತುವನ್ನು 1827ರಲ್ಲಿ ಜರ್ಮನ್ ವಿಜ್ಞಾನಿಗಳು ಮೊದಲು ಬೇರ್ಪಡಿಸಿದ್ದು ಎತ್ತಿನ ಪಿತ್ತರಸದಿಂದ. ಲ್ಯಾಟಿನ್ ಭಾಷೆಯಲ್ಲಿ ಹೋರಿಗೆ ಇರುವ ಹೆಸರೇ ಅದಕ್ಕೂ ಬಂತು. (ಈಗ ಅದನ್ನು ಕಾರ್ಖಾನೆಗಳಲ್ಲಿ ರಾಸಾಯನಿಕವಾಗಿ ತಯಾರಿಸುತ್ತಾರೆ, ಸಸ್ಯಾಹಾರಿಗಳು ಆ ಕಾರಣಕ್ಕೆ ಚಿಂತಿಸಬೇಕಾಗಿಲ್ಲ.) 1962ರಲ್ಲಿ ಜಪಾನಿನ ಔಷಧ ಕಂಪನಿಯೊಂದು ಟಾರಿನ್ ಬೆರೆಸಿದ ‘ಲಿಪೊವಿಟಾನ್ ಡಿ’ ಎಂಬ ಬಲವರ್ಧಕವನ್ನು ಸಣ್ಣ ಶೀಶೆಗಳಲ್ಲಿ ಮಾರತೊಡಗಿತು. 1970ರ ದಶಕದಲ್ಲಿ ಥಾಯ್ಲೆಂಡಿನಲ್ಲಿ ಲಾರಿ ಚಾಲಕರು, ಕೂಲಿಕಾರರು ಕುಡಿಯುತ್ತಿದ್ದ ‘ಕ್ರಾಟಿಂಗ್ ಡೇಂಗ್’ ಹುಟ್ಟಿತು. ಹೆಸರಿನ ಅರ್ಥ ಕೆಂಪು ಕಾಡುಕೋಣ. ಅದನ್ನೇ ತಿದ್ದಿ 1987ರಲ್ಲಿ ಆಸ್ಟ್ರಿಯಾದಲ್ಲಿ ‘ರೆಡ್ ಬುಲ್’ ಎಂದು ಮಾರುಕಟ್ಟೆಗೆ ತಂದರು. ಡಬ್ಬಿಯ ಮೇಲೆ ಎರಡು ಹೋರಿಗಳು ತಲೆಬಾಗಿಸಿ ಹಾಯಲು ನಿಂತಿವೆ. ಹೋರಿಯ ಚಿತ್ರ ನಮಗೂ ಪ್ರಿಯವಾದದ್ದೇ. ಆದರೆ ಹೋರಿಯನ್ನು ನಿಜವಾಗಿ ಕಟ್ಟಿ ದುಡಿಸಿದ ನಮ್ಮ ಹಿರಿಯರು ಅದರಿಂದ ಕಲಿತದ್ದು ಬೇರೆ. ಬಾರುಕೋಲು ಎತ್ತಿಗೆ ಮೇವಲ್ಲವೆಂಬುದು ಅವರಿಗೆ ತಿಳಿದಿತ್ತು. ಬಾರುಕೋಲು ಬೀಸಿದರೆ ಎತ್ತು ಹತ್ತು ಹೆಜ್ಜೆ ಬಿರುಸಾಗಿ ನಡೆದೀತು. ಆ ಹತ್ತು ಹೆಜ್ಜೆಯ ಶಕ್ತಿ ಬಂದದ್ದು ನಿನ್ನೆ ತಿಂದ ಕಣಿಕೆಯಿಂದ, ನಿನ್ನೆ ಮಲಗಿದ ಕೊಟ್ಟಿಗೆಯಿಂದ. ಆದ್ದರಿಂದಲೇ ನಮ್ಮ ಹಳ್ಳಿಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗವಿಡದ ಪದ್ಧತಿ ಬೆಳೆದು ಬಂದಿತು. ಹೊಲದಲ್ಲಿ ಹದ ಆರುತ್ತಿದ್ದರೂ ಸೋಮವಾರ ಸೋಮವಾರವೇ. ಮೂಕಪ್ರಾಣಿಯ ಆಯಾಸಕ್ಕೆ ಸಂದ ಈ ಗೌರವ ಮಾತು ಬಲ್ಲ ಮಗನ ಆಯಾಸಕ್ಕೆ ಏಕೆ ಸಲ್ಲಬಾರದು?

ನೈತಿಕ ಪ್ರಶ್ನೆ ಇರುವುದು ಇಲ್ಲಿಯೇ. ಆಯಾಸವು ನಮ್ಮ ವಿಷಯದಲ್ಲಿ ಸತ್ಯವನ್ನೇ ನುಡಿಯುವ ಸಾಕ್ಷಿ. ಆ ಸಾಕ್ಷಿಯ ಬಾಯಿ ಮುಚ್ಚಿಸಿ ನಡೆಸುವ ದುಡಿಮೆ ಪ್ರಾಮಾಣಿಕ ದುಡಿಮೆಯೆನಿಸುವುದೆ? ಬಾಯಿ ಮುಚ್ಚಿಸಿದರೆ ಏನಾಗುವುದೆಂಬುದಕ್ಕೆ ಒಂದು ನಿದರ್ಶನ ಮದ್ಯದ ವಿಷಯದಲ್ಲಿ ದೊರೆಯುತ್ತದೆ. ಮದ್ಯಕ್ಕೆ ಕೆಫೀನ್ ಬೆರೆಸಿ ಮಾರುತ್ತಿದ್ದ ಕೆಲವು ಕಂಪನಿಗಳಿಗೆ ಅಮೆರಿಕೆಯ ಆಹಾರ ಮತ್ತು ಔಷಧ ಆಡಳಿತವು 2010ರ ನವೆಂಬರಿನಲ್ಲಿ ಎಚ್ಚರಿಕೆಯ ಪತ್ರ ಕೊಟ್ಟಿತು. ಕಾರಣವೇನೆಂದರೆ, ಕೆಫೀನ್ ಅಮಲನ್ನು ಇಳಿಸುವುದಿಲ್ಲ, ಅಮಲೇರಿದೆಯೆಂಬ ಅರಿವನ್ನು ಮಾತ್ರ ಮರೆಸುತ್ತದೆ. ಕುಡಿದವನು ತಾನು ಸರಿಯಾಗಿಯೇ ಇದ್ದೇನೆಂದು ನಂಬಿ ಗಾಡಿ ಹತ್ತುತ್ತಾನೆ. ಮೂರು ರಾತ್ರಿ ನಿದ್ರೆಗೆಟ್ಟು ಸ್ಟೀರಿಂಗ್ ಹಿಡಿದವನ ಸ್ಥಿತಿಯೂ ಇದಕ್ಕಿಂತ ಬಹಳ ಬೇರೆಯಲ್ಲ. ತನಗೆ ತಾನೇ ಸುಳ್ಳು ಹೇಳಿಕೊಳ್ಳುವುದು ಸ್ವಂತ ಸಂಗತಿಯೆಂದು ವಾದಿಸುವವರಿದ್ದಾರೆ. ಎದುರಿನಿಂದ ಬರುವ ಗಾಡಿಯಲ್ಲಿ ಕುಳಿತವರಿಗೆ ಅದು ಸ್ವಂತ ಸಂಗತಿಯಾಗಿ ಉಳಿಯುವುದಿಲ್ಲ.

ಇಲ್ಲಿ ತಾವು ಎತ್ತಬಹುದಾದ ಎರಡು ಆಕ್ಷೇಪಗಳನ್ನು ನಾನೇ ಎತ್ತುತ್ತೇನೆ. ಮೊದಲನೆಯದು: ಕಾಫಿಯಲ್ಲಿಯೂ ಕೆಫೀನೇ ಇದೆಯಲ್ಲ? ಇದೆ. ದೇಶದ ಕಾಫಿಯಲ್ಲಿ ಹೆಚ್ಚಿನ ಪಾಲು ಬೆಳೆಯುವ ನಾಡಿನವರಾದ ನಾವು ಅದನ್ನು ಮರೆಮಾಚಿ ಪ್ರಯೋಜನವಿಲ್ಲ. ಈ ಸಾಲುಗಳನ್ನು ಬರೆಯುವಾಗಲೂ ನನ್ನ ಮೇಜಿನ ಮೇಲೆ ಒಂದು ಲೋಟವಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯಂತೆ 150 ಮಿಲಿಲೀಟರ್ ಬಟ್ಟಿಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ, ಚಹದಲ್ಲಿ 30ರಿಂದ 65 ಮಿಲಿಗ್ರಾಂ ಕೆಫೀನ್ ಇರುತ್ತದೆ. ದಿನಕ್ಕೆ ಒಟ್ಟು 300 ಮೀರಬಾರದು. ಅಂದಮೇಲೆ ಕಾಫಿಯೂ ನಿರ್ದೋಷಿಯಲ್ಲ. ಆದರೂ ಕಾಫಿಯನ್ನು ಬಿಸಿಬಿಸಿಯಾಗಿ, ಅರ್ಧ ಲೋಟ, ಮಾತನಾಡುತ್ತ ಕುಡಿಯುತ್ತೇವೆ. ಅದರ ಕಹಿಯೇ ಮಕ್ಕಳನ್ನು ದೂರವಿಡುತ್ತದೆ. ಆ ಬಾಟಲಿಯಾದರೋ ತಣ್ಣಗೆ, ಸಿಹಿಯಾಗಿ, ಒಂದೇ ಗುಟುಕಿಗೆ ಇಳಿಯುತ್ತದೆ, ಇನ್ನೊಂದನ್ನು ಬೇಡುತ್ತದೆ. ಕಾಫಿ ಯಾರಿಗೂ ತಾನು ಶಕ್ತಿ ಕೊಡುತ್ತೇನೆಂದು ಮಾತು ಕೊಟ್ಟದ್ದೂ ಇಲ್ಲ.

ಎರಡನೆಯದು: ಶಿವರಾತ್ರಿಯ ಜಾಗರಣೆಯನ್ನು ಪುಣ್ಯವೆನ್ನುವ ನಾವು ವಿದ್ಯೆಗಾಗಿ ಮಾಡುವ ಜಾಗರಣೆಯನ್ನು ಹೇಗೆ ಹಳಿಯುವುದು? ಈ ಪ್ರಶ್ನೆಯನ್ನು ನನಗೆ ಕೇಳಿದವನು ನಿಲಯದ ಒಬ್ಬ ಚುರುಕು ಹುಡುಗನೇ. ನಾನು ಅವನಿಗೆ ಹೇಳಿದ್ದಿಷ್ಟು: ಶಿವರಾತ್ರಿ ವರ್ಷಕ್ಕೆ ಒಂದು. ಅಂದು ನಿದ್ರೆ ಬರುತ್ತದೆ, ಬರುತ್ತಿದೆಯೆಂದು ನಮಗೆ ತಿಳಿಯುತ್ತದೆ, ತಿಳಿದೇ ಅದರೊಡನೆ ಕೂರುತ್ತೇವೆ. ಮರುದಿನ ಯಾರೂ ನಾಚದೆ ಮಧ್ಯಾಹ್ನ ಮಲಗುತ್ತಾರೆ. ಅಲ್ಲಿ ಯಾವ ಸಾಕ್ಷಿಯ ಬಾಯಿಯನ್ನೂ ಮುಚ್ಚಿಲ್ಲ. ಹುಡುಗನಿಗೆ ಇದು ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ. ಆದರೂ ನನ್ನ ಉತ್ತರ ಇದೇ.

ಇಷ್ಟು ಹೇಳಿ ಕುಡಿಯುವವನನ್ನೇ ತಪ್ಪಿತಸ್ಥನೆಂದು ನಿಲ್ಲಿಸಿದರೆ ಅದು ಅನ್ಯಾಯ. ಬೆಳಗಾಗುವುದರೊಳಗೆ ಟೊಮೆಟೊ ಮಾರುಕಟ್ಟೆಗೆ ಮುಟ್ಟಬೇಕೆಂದು ಗಡುವು ಹಾಕುವ ಮಾಲೀಕ, ರಾತ್ರಿಪಾಳಿಯ ಮೇಲೆ ಹಗಲುಪಾಳಿ ಹೊರಿಸುವ ಕಾರ್ಖಾನೆ, ತೊಂಬತ್ತೈದಕ್ಕೆ ಒಂದು ಅಂಕ ಕಡಿಮೆಯಾದರೆ ಮನೆಯಲ್ಲಿ ಒಲೆ ಹೊತ್ತಿಸದ ತಂದೆತಾಯಿ, ದೀಪ ಆರದ ಕೋಣೆಯನ್ನು ಹೊಗಳುವ ನನ್ನಂಥ ಮೇಲ್ವಿಚಾರಕ: ಇವರೆಲ್ಲರೂ ಆ ಬಾಟಲಿಯ ಮುಚ್ಚಳ ತೆಗೆದವರೇ. ಕಾಯಕಕ್ಕೆ ಇಷ್ಟೊಂದು ಬೆಲೆ ಕೊಟ್ಟ ಪರಂಪರೆಯವರಾದ ನಾವು, ಕಾಯವನ್ನೇ ಒತ್ತೆಯಿಟ್ಟು ಮಾಡಿದ್ದನ್ನೂ ಕಾಯಕವೆಂದು ಕರೆಯತೊಡಗಿದ್ದೇವೆಯೆ ಎಂದು ಕೇಳಿಕೊಳ್ಳಬೇಕಾಗಿದೆ. ಹೆಸರಿನ ಮೋಸವೂ ಸಣ್ಣದಲ್ಲ. 2024ರ ಏಪ್ರಿಲಿನಲ್ಲಿ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರವು, ಅಂತರಜಾಲದ ಅಂಗಡಿಗಳು ಹಾಲಿನ ಮತ್ತು ಮಾಲ್ಟಿನ ಪಾನೀಯಗಳನ್ನು ‘ಹೆಲ್ತ್ ಡ್ರಿಂಕ್’, ‘ಎನರ್ಜಿ ಡ್ರಿಂಕ್’ ಎಂಬ ತಲೆಬರಹದಡಿ ಮಾರಬಾರದೆಂದು ಸೂಚಿಸಿತು. ‘ಹೆಲ್ತ್ ಡ್ರಿಂಕ್’ ಎಂಬ ಮಾತಿಗೆ ಕಾನೂನಿನಲ್ಲಿ ಅರ್ಥವೇ ಇಲ್ಲವೆಂಬುದು ಆಗ ಹಲವರಿಗೆ ತಿಳಿದುಬಂತು.

ಹಾಗಾದರೆ ದಣಿದವನು ಕುಡಿಯಬೇಕಾದದ್ದೇನು? ಮೊದಲು ದಣಿವು ಯಾವ ಬಗೆಯದೆಂದು ಕೇಳಿಕೊಳ್ಳಬೇಕು. ಬಿಸಿಲಿನಲ್ಲಿ ಬೆವರಿ ಬಂದವನಿಗೆ ಬೇಕಾದದ್ದು ನೀರು ಮತ್ತು ಉಪ್ಪು. ಉಪ್ಪು, ಜೀರಿಗೆ, ಕೊತ್ತಂಬರಿ ಹಾಕಿದ ತಿಳಿ ಮಜ್ಜಿಗೆಗೆ ಸಮಾನವಾದದ್ದು ನನಗೆ ಕಂಡಿಲ್ಲ. ಎಳನೀರು ಉತ್ತಮ, ಅದರಲ್ಲಿ ಪೊಟ್ಯಾಸಿಯಂ ಹೇರಳವಾಗಿರುವುದರಿಂದ ಮೂತ್ರಪಿಂಡದ ರೋಗವುಳ್ಳವರು ಮಾತ್ರ ವೈದ್ಯರನ್ನು ಕೇಳಬೇಕು. ಪಾನಕದ ಬೆಲ್ಲವನ್ನು ನಮ್ಮದೆಂಬ ಅಭಿಮಾನದಿಂದ ಅಮೃತವೆನ್ನಬೇಕಾಗಿಲ್ಲ. ಬೆಲ್ಲವೂ ಸಿಹಿಯೇ, ಮಧುಮೇಹಿಗೆ ಅದೂ ವೈರಿಯೇ. ಹಸಿದು ದಣಿದವನಿಗೆ ಅಂಬಲಿ. ರಾಗಿಹಿಟ್ಟನ್ನು ಗಂಟಾಗದಂತೆ ನೀರಿನಲ್ಲಿ ಕದಡಿ, ಚೆನ್ನಾಗಿ ಕುದಿಸಿ, ಆರಿದ ಮೇಲೆ ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ ಬೆರೆಸಿದರಾಯಿತು. ಜೋಳದ ಸೀಮೆಯವರು ಜೋಳದ ಹಿಟ್ಟಿನಲ್ಲಿ ಮಾಡುತ್ತಾರೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮಿಕ್ಕಿ ಸುಣ್ಣದ ಸತ್ವವಿದೆ. 2024ರಲ್ಲಿ ನಮ್ಮ ರಾಜ್ಯ ಸರ್ಕಾರವು ಶಾಲಾಮಕ್ಕಳಿಗೆ ಹಾಲಿನೊಡನೆ ರಾಗಿ ಮಾಲ್ಟ್ ಕೊಡುವ ಏರ್ಪಾಡು ಆರಂಭಿಸಿದ್ದು ಒಳ್ಳೆಯ ಕೆಲಸ. ಆದರೆ ನಿದ್ರೆಗೆಟ್ಟು ದಣಿದವನಿಗೆ ಅಂಬಲಿಯೂ ಔಷಧವಲ್ಲ, ಮಜ್ಜಿಗೆಯೂ ಅಲ್ಲ. ಅವನಿಗೆ ಬೇಕಾದದ್ದು ಒಂದು ಚಾಪೆ. ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆಯ ನಿದ್ರೆ ಬೇಕೆಂದು ವೈದ್ಯರು ಹೇಳುತ್ತಾರೆ. ರಾತ್ರಿ ಗಾಡಿ ಓಡಿಸುವವನು ತೂಕಡಿಕೆ ಬಂದಾಗ ಗಾಡಿಯನ್ನು ಬದಿಗೆ ನಿಲ್ಲಿಸಿ ಇಪ್ಪತ್ತು ನಿಮಿಷ ಮಲಗಿದರೆ, ಅದು ಸೋಮಾರಿತನವೆನ್ನುವ ಮಾಲೀಕನಿಗೆ ಆ ಗಾಡಿಯ ಬೆಲೆಯೂ ಗೊತ್ತಿಲ್ಲ, ಅವನ ಬೆಲೆಯೂ ಗೊತ್ತಿಲ್ಲ.

ನಮ್ಮ ನಿಲಯದಲ್ಲಿ ಆ ವರ್ಷದಿಂದ ಪರೀಕ್ಷೆಯ ತಿಂಗಳಿನಲ್ಲಿ ರಾತ್ರಿ ಹತ್ತೂವರೆಗೆ ದೀಪ ಆರಿಸುತ್ತೇವೆ, ಬೆಳಿಗ್ಗೆ ಐದಕ್ಕೆ ಎಬ್ಬಿಸುತ್ತೇವೆ, ಮಧ್ಯಾಹ್ನದ ಊಟದ ಮೇಲೆ ಬೇಕಾದವರು ಮಲಗಬಹುದು. ರಾತ್ರಿ ಒಂಬತ್ತಕ್ಕೆ ಅಡುಗೆಮನೆಯ ಬಾಗಿಲಲ್ಲಿ ಅಂಬಲಿಯ ಹಂಡೆ ಇಡುತ್ತಾರೆ. ಮೊದಲ ವಾರ ಅರ್ಧಕ್ಕರ್ಧ ಉಳಿಯಿತು. ಹುಡುಗರು ಅದನ್ನು ಮುದುಕರ ಪೇಯವೆಂದು ನಗುತ್ತಿದ್ದರು. ಅಡುಗೆಯ ತಾಯಿ ಮಜ್ಜಿಗೆಗೆ ಶುಂಠಿ, ಹಸಿಮೆಣಸು ಜಜ್ಜಿ ಹಾಕತೊಡಗಿದ ಮೇಲೆ ಉಳಿಯುವುದು ನಿಂತಿತು. ಆ ಹುಡುಗನು ಪರೀಕ್ಷೆ ಬರೆದು ಎರಡನೆಯ ದರ್ಜೆಯಲ್ಲಿ ಉತ್ತೀರ್ಣನಾದನು. ಮುಂದೆ ಕೃಷಿ ಡಿಪ್ಲೊಮಾ ಸೇರಿದನು. ನಾನು ಪ್ರಾರ್ಥನಾ ಸಭೆಯಲ್ಲಿ ಯಾರ ಕೋಣೆಯ ದೀಪವನ್ನೂ ಹೊಗಳುವುದನ್ನು ಬಿಟ್ಟಿದ್ದೇನೆ.

ಕಳೆದ ವಾರ ಬೇಲಿಯ ಬದಿಯಲ್ಲಿ ಮತ್ತೆ ಎರಡು ಬಾಟಲಿಗಳು ಸಿಕ್ಕವು. ಯಾರದೆಂದು ಕೇಳಲಿಲ್ಲ. ಆ ದಿನ ಸಂಜೆ ಹೊಸದಾಗಿ ಸೇರಿದ ಹುಡುಗರನ್ನು ಒಬ್ಬೊಬ್ಬರನ್ನಾಗಿ ಕರೆದು, ಓದಿನ ವಿಷಯ ಬಿಟ್ಟು, ನಿನ್ನೆ ಎಷ್ಟು ಹೊತ್ತಿಗೆ ಮಲಗಿದೆಯೆಂದು ಕೇಳುತ್ತ ಕುಳಿತೆ.